ಹತ್ತಿಕಾಳಿನ ಹೊಟ್ಟಿನ ಮೇಲೆ ಉರುಳಿದ ಚೆಂಡು

ಏಪ್ರಿಲ್ ಬಂತೆಂದರೆ ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲು ತಪ್ಪಿಸಿಕೊಂಡು ಅಮೆರಿಕದ ಮಕ್ಕಳ ಮನೆಗೆ ಬರುವ ಅಪ್ಪ-ಅವ್ವಂದಿರು ಭಾಳ. ದೇವಸ್ಥಾನ, ಜಲಪಾತ, ದೊಡ್ಡ ಅಂಗಡಿ ಎಲ್ಲ ಎರಡು ವಾರಕ್ಕೆ ಮುಗಿಯುತ್ತವೆ. ಆಮೇಲೆ ಎಂಟೂವರೆಯಾದರೂ ಮುಳುಗದ ಹೊತ್ತನ್ನು ಏನು ಮಾಡಬೇಕು? ಅಂಥ ಸಂಜೆಗೆ ನಾವು ಹೇಳುವುದು ಮಿನಿ ಗಾಲ್ಫ್. ಸೀರೆ ಉಟ್ಟವರೂ ಆಡಬಹುದು, ಮೊಣಕಾಲು ನೋವಿದ್ದವರೂ ಆಡಬಹುದು. ನಾಲ್ಕು ಮಂದಿಗೆ ಹದಿನೆಂಟು ಕುಳಿ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಇಲ್ಲಿನ ಕಾನೂನಿನ ಪ್ರಕಾರ ಅರ್ಧದಷ್ಟು ಕುಳಿಗಳನ್ನಾದರೂ ಗಾಲಿಕುರ್ಚಿಯವರು ತಲುಪುವಂತೆ, ಒಂದರ ಪಕ್ಕ ಒಂದು ಬರುವಂತೆ ಕಟ್ಟಿರಬೇಕು.

ದೊಡ್ಡ ಗಾಲ್ಫಿನಲ್ಲಿ ಕೊನೆಗೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸುವ ಭಾಗವಿದೆಯಲ್ಲ, ಅದಕ್ಕೆ ಪಟಿಂಗ್ ಅನ್ನುತ್ತಾರೆ, ಈ ಆಟದಲ್ಲಿ ಇರುವುದು ಅದಷ್ಟೇ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1867ರಲ್ಲಿ ಹೆಂಗಸರಿಗೆಂದೇ ಒಂದು ಪಟಿಂಗ್ ಕ್ಲಬ್ ಶುರುವಾಯಿತು. ಹೆಂಗಸರು ಕೋಲನ್ನು ಭುಜದ ಮೇಲೆತ್ತಿ ಬೀಸುವುದು ಮರ್ಯಾದೆಯಲ್ಲ ಅನ್ನುತ್ತಿದ್ದ ಕಾಲ ಅದು. ಆ ಏರುತಗ್ಗಿನ ಅಂಗಳವನ್ನು ಇವತ್ತಿಗೂ 'ಹಿಮಾಲಯ' ಎಂದೇ ಕರೆಯುತ್ತಾರೆ.

ನಮ್ಮ ಕಡೆಯವರಿಗೆ ಹತ್ತಿರವಾದ ಕಥೆ ಮುಂದಿನದು. ಪುಟ್ಟ ಗಾಲ್ಫಿಗೆ ಮೊದಲಿನಿಂದಲೂ ಹುಲ್ಲೇ ತೊಡಕು. ನೀರು ಬೇಕು, ಕತ್ತರಿಸಬೇಕು, ದಿನಾ ನೂರು ಮಂದಿ ತುಳಿದರೆ ಸಾಯುತ್ತದೆ. ಮೆಕ್ಸಿಕೋದಲ್ಲಿ ಹತ್ತಿ ಬೆಳೆಸುತ್ತಿದ್ದ ಥಾಮಸ್ ಫೇರ್‌ಬೈರ್ನ್ ಎಂಬ ಇಂಗ್ಲಿಷಿನವ 1920ರ ದಶಕದ ಆರಂಭದಲ್ಲಿ ಹತ್ತಿಕಾಳಿನ ಹೊಟ್ಟಿಗೆ ಎಣ್ಣೆ ಮತ್ತು ಹಸಿರು ಬಣ್ಣ ಕಲಸಿ, ಮರಳಿನ ಹಾಸಿನ ಮೇಲೆ ಹರಡಿ ಗಟ್ಟಿಯಾಗಿ ಒತ್ತಿದ. ಚೆಂಡು ಹದವಾಗಿ ಉರುಳಿತು, ನೀರಿನ ಹಂಗು ತಪ್ಪಿತು. ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಪಕ್ಕ ಬೆಳೆದವರಿಗೆ ಹತ್ತಿಕಾಳು ಅಂದರೆ ಎಣ್ಣೆ, ಹಿಂಡಿ, ದನದ ಮೇವು. ಅದರ ಹೊಟ್ಟಿನ ಮೇಲೆ ಅಮೆರಿಕವೇ ಆಡಿತು ಅಂದರೆ ನಗು ಬರಬಹುದು. ಆದರೆ ಗಾರ್ನೆಟ್ ಕಾರ್ಟರ್ ಎಂಬಾತ ಲುಕೌಟ್ ಮೌಂಟನ್ ಬೆಟ್ಟದ ಮೇಲೆ 1927ರ ಸುಮಾರಿಗೆ ಶುರುಮಾಡಿದ 'ಟಾಮ್ ಥಂಬ್' ಗಾಲ್ಫ್ ಊರೂರಿಗೆ ಹಬ್ಬಿದ್ದು ಇದೇ ಹೊಟ್ಟಿನ ಹಾಸಿನಿಂದ. 1930ರ ಹೊತ್ತಿಗೆ ದೇಶದ ತುಂಬ ಸಾವಿರಾರು ಅಂಗಳಗಳಾದವು, ನ್ಯೂಯಾರ್ಕಿನ ಮಾಳಿಗೆಗಳನ್ನೂ ಬಿಡಲಿಲ್ಲ. ಆ ಹುಚ್ಚು ಬೇಗ ಇಳಿಯಿತು. 1954ರಲ್ಲಿ ನಾರ್ತ್ ಕರೋಲಿನಾದ ಡಾನ್ ಕ್ಲೇಟನ್ ಚೆಂಡಿನ ದಾರಿಗೆ ಅಡ್ಡಿಯಾಗಿ ಇಡುವ ಗಾಳಿಗಿರಣಿ, ಗೊಂಬೆಗಳನ್ನೆಲ್ಲ ತೆಗೆದುಹಾಕಿ, ಪ್ರತಿ ಕುಳಿಯೂ ಎರಡೇ ಹೊಡೆತದ್ದು ಎಂದು ಗೊತ್ತುಮಾಡಿ 'ಪಟ್-ಪಟ್' ಎಂಬ ಅಂಗಳ ಕಟ್ಟಿದ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿ ಪಾಲ್ ಬಾಂಗ್ನಿ ಹನ್ನೆರಡು ಮೀಟರ್ ಉದ್ದದ, ಒಂದೂಕಾಲು ಮೀಟರ್ ಅಗಲದ, ಚೆಂಡು ಉರುಳುವ ಕಾಂಕ್ರೀಟ್ ಓಣಿಗಳಿಗೆ ಅಳತೆ ಹಾಕಿಕೊಟ್ಟ. ಯುರೋಪಿನ ಸ್ಪರ್ಧೆಯ ಆಟ ಅಲ್ಲಿಂದ ಬೆಳೆಯಿತು.

ಗಾಳಿಗಿರಣಿ ತೆಗೆದರೂ ಆಟ ಉಳಿಯಿತು, ಹುಲ್ಲು ತೆಗೆದರೂ ಉಳಿಯಿತು. ಸುತ್ತಲಿನ ಅಂಚಿನ ಪಟ್ಟಿ ತೆಗೆದರೆ ಮಾತ್ರ ಉಳಿಯುವುದಿಲ್ಲ ಅನ್ನುವುದು ನಮ್ಮ ಲೆಕ್ಕ. ದೊಡ್ಡ ಗಾಲ್ಫಿನಲ್ಲಿ ಹೊಡೆತ ತಪ್ಪಿದರೆ ಚೆಂಡು ಕೆರೆಗೋ ಪೊದೆಗೋ ಹೋಗುತ್ತದೆ, ಹೊಸಬರ ಮುಖ ಸಣ್ಣದಾಗುತ್ತದೆ. ಇಲ್ಲಿ ಅಂಚು ಅದನ್ನು ಒಳಗೇ ವಾಪಸ್ ಕಳಿಸುತ್ತದೆ. ಕೇರಂ ಬೋರ್ಡಿನ ಹಾಗೆಯೇ, ತಪ್ಪಿದ್ದೂ ಒಮ್ಮೊಮ್ಮೆ ಕುಳಿಗೆ ಬೀಳುತ್ತದೆ. ಎಪ್ಪತ್ತರ ಅವ್ವ ಇಪ್ಪತ್ತರ ಮೊಮ್ಮಗನನ್ನು ಸೋಲಿಸುವುದು ಇದರಿಂದಲೇ.

ಆಡುವವರಿಗೆ ಒಂದೆರಡು ಮಾತು. ಕೋಲು ಎತ್ತರಕ್ಕೆ ತಕ್ಕಂತಿರಲಿ. ಕೈ ಸಡಿಲವಾಗಿ ಇಳಿಬಿಟ್ಟಾಗ ಹಿಡಿಕೆ ಬೆರಳಿಗೆ ಸಿಗಬೇಕು, ಕೋಲಿಗಾಗಿ ಬೆನ್ನು ಬಗ್ಗಿಸಬಾರದು. ಮಣಿಕಟ್ಟು ಅಲುಗಿಸದೆ ಭುಜದಿಂದ ಲೋಲಕದಂತೆ ತೂಗಿರಿ. ಹೊಸಬರ ದೊಡ್ಡ ತಪ್ಪು ಜೋರು. ಕುಳಿಯ ಅಗಲ ಸುಮಾರು 108 ಮಿಲಿಮೀಟರ್, ಚೆಂಡು 43. ಜೋರಾಗಿ ಬಂದ ಚೆಂಡು ಬೀಳುವಷ್ಟು ಹೊತ್ತೇ ಸಿಗದೆ ಕುಳಿ ದಾಟಿ ಹೋಗುತ್ತದೆ. ಕುಳಿ ಇಲ್ಲದಿದ್ದರೆ ಒಂದಡಿ ಮುಂದೆ ಹೋಗಿ ನಿಲ್ಲುತ್ತಿತ್ತು ಅನ್ನುವಷ್ಟು ವೇಗ ಸರಿ.

ಅಂಚಿಗೆ ಹೊಡೆದು ತಿರುಗಿಸುವಾಗ ಅಂಚಿನಲ್ಲಿ ಕನ್ನಡಿ ಇದೆ ಎಂದುಕೊಂಡು, ಆ ಕನ್ನಡಿಯೊಳಗಿನ ಕುಳಿಗೆ ಗುರಿ ಇಡಿ. ಕೇರಂ ಆಡಿದವರಿಗೆ ಇದು ಕೈಗೆ ಬಂದ ವಿದ್ಯೆ. ವ್ಯತ್ಯಾಸ ಒಂದೇ: ಮೆತ್ತನೆಯ ಮರದ ಅಂಚು ವೇಗ ನುಂಗುವುದರಿಂದ ಚೆಂಡು ಅಂಚಿಗೆ ಸ್ವಲ್ಪ ಒತ್ತಿಕೊಂಡೇ ಸಾಗಿ, ಎಣಿಸಿದ್ದಕ್ಕಿಂತ ಮುಂದೆ ಹೋಗುತ್ತದೆ. ಇಟ್ಟಿಗೆಯ ಅಂಚಿನಲ್ಲಿ ಈ ತೊಂದರೆ ಕಡಿಮೆ.

ಗಾಳಿಗಿರಣಿ ಎದುರಾದರೆ ಯಲಬುರ್ಗಾ, ಕುಷ್ಟಗಿ ದಾರಿಯ ಫ್ಯಾನುಗಳನ್ನು ನೋಡುತ್ತ ನಿಂತಂತೆ ನಿಲ್ಲಬೇಡಿ, ಎಣಿಸಿ. ರೆಕ್ಕೆಗೂ ರೆಕ್ಕೆಗೂ ನಡುವೆ ಎರಡು ಸೆಕೆಂಡ್, ಚೆಂಡು ಗಿರಣಿಯ ಬುಡದ ಬಾಗಿಲು ತಲುಪಲು ಎರಡು ಸೆಕೆಂಡ್ ಅನ್ನಿ. ಒಂದು ರೆಕ್ಕೆ ಬಾಗಿಲು ಬಿಟ್ಟ ಗಳಿಗೆಯಲ್ಲೇ ಹೊಡೆಯಬೇಕು. ಚೆಂಡು ತಲುಪುವಾಗ ಮುಂದಿನ ರೆಕ್ಕೆ ಆಗತಾನೇ ಬಾಗಿಲು ಬಿಟ್ಟಿರುತ್ತದೆ. ಬಾಗಿಲು ತೆರೆದಿದೆ ಎಂದು ಕಂಡಮೇಲೂ ತಡಮಾಡಿ ಹೊಡೆದವರ ಚೆಂಡು ರೆಕ್ಕೆಗೆ ಬಡಿದು ಕಾಲ ಬಳಿಗೇ ಬರಬಹುದು.

ಆರು ಹೊಡೆತಕ್ಕೂ ಬೀಳದಿದ್ದರೆ ಏಳು ಬರೆದುಕೊಂಡು ಮುಂದಿನ ಕುಳಿಗೆ ನಡೆಯಿರಿ.

ಊರಲ್ಲೇ ಒಂದು ಓಣಿ ಮಾಡಿಕೊಳ್ಳುವ ಆಸೆ ಇದ್ದರೆ ಬಡಿಗೇರರಿಗೆ ಹೇಳಬೇಕಾದ್ದು ಇಷ್ಟು. 18 ಮಿಲಿಮೀಟರ್ ದಪ್ಪದ, ಎಂಟಡಿ-ನಾಲ್ಕಡಿಯ ಒಂದು ಪ್ಲೈವುಡ್ ಹಲಗೆಯನ್ನು ಉದ್ದಕ್ಕೆ ಸೀಳಿದರೆ ಎರಡಡಿ ಅಗಲದ, ಹದಿನಾರಡಿ ಉದ್ದದ ಓಣಿ ಸಿಗುತ್ತದೆ. ನೀರಿಗೆ ತಡೆಯುವ ಪ್ಲೈ ತರಿಸಿ, ಇಲ್ಲವಾದರೆ ಮೊದಲ ಮಳೆಗೇ ಪದರ ಬಿಡುತ್ತದೆ. ಕೆಳಗೆ ನಾಲ್ಕಿಂಚು ಎತ್ತರದ ಮರದ ಚೌಕಟ್ಟು, ಎರಡಡಿಗೊಂದು ಅಡ್ಡಪಟ್ಟಿ. ಪಟ್ಟಿ ದೂರವಾದರೆ ಹಲಗೆ ಬಾಗುತ್ತದೆ, ಚೆಂಡೆಲ್ಲ ಆ ತಗ್ಗಿಗೇ ಸೇರುತ್ತದೆ. ಎರಡು ಹಲಗೆ ಸೇರುವ ಕಡೆ ಕೆಳಗೊಂದು ಅಗಲ ಪಟ್ಟಿ ಕೊಟ್ಟು ಸ್ಕ್ರೂ ಹಾಕಿ, ಮೇಲೆ ಪುಟ್ಟಿ ತುಂಬಿ ಉಜ್ಜಿಸಿ. ಮಟ್ಟ ನೋಡಲು ಗೌಂಡಿಗಳ ನೀರಿನ ಟ್ಯೂಬೇ ಸಾಕು.

ಕುಳಿಯೊಳಗೆ ಕೂರಿಸಲು 110 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡು ಹೇಳಿಮಾಡಿಸಿದಂತಿರುತ್ತದೆ. ಅದರ ಬಾಯಿ ಹಾಸಿಗಿಂತ ಕೂದಲೆಳೆಯಷ್ಟಾದರೂ ಕೆಳಗಿರಲಿ. ಮೇಲೆದ್ದರೆ ಬೀಳಬೇಕಾದ ಚೆಂಡೂ ಸುತ್ತು ಹೊಡೆದು ಹೊರಗೆ ಬರುತ್ತದೆ. ಹಾಸಾಗಿ ಹತ್ತು-ಹನ್ನೆರಡು ಮಿಲಿಮೀಟರಿನ ಗಿಡ್ಡ ಕೃತಕ ಹುಲ್ಲು ಬೇಕು. ಫುಟ್‌ಬಾಲ್ ಮೈದಾನದ ಉದ್ದ ಹುಲ್ಲಿನಲ್ಲಿ ಚೆಂಡು ಹೂತುಕೊಳ್ಳುತ್ತದೆ. ತುಂಡುಗಳ ಹುಲ್ಲು ಒಂದೇ ದಿಕ್ಕಿಗೆ ವಾಲಿರುವಂತೆ ಅಂಟಿಸಿ. ವಾಲಿದ ಕಡೆಗೆ ಚೆಂಡು ಓಡುತ್ತದೆ, ಎದುರಿಗೆ ಬಂದರೆ ಬೇಗ ನಿಲ್ಲುತ್ತದೆ. ಅಂಚಿನ ಪಟ್ಟಿ ಹಾಸಿನ ಮೇಲೆ ಎರಡಿಂಚು ಏಳಲಿ. ಚೆಂಡಿನ ನಡುವಿಗಿಂತ ತಗ್ಗಿದ್ದರೆ ಚೆಂಡು ಅದನ್ನೇ ಮೆಟ್ಟಿಲು ಮಾಡಿಕೊಂಡು ಹಾರುತ್ತದೆ.

ಇಳಿಜಾರು ಬೇಕೆಂದರೆ ನಾಲ್ಕಡಿಗೆ ಒಂದಿಂಚು ಸಾಕು, ಕುಳಿಯ ಸುತ್ತ ಎರಡಡಿ ಮಾತ್ರ ಸಪಾಟಾಗಿರಲಿ. ಅಲ್ಲೂ ಇಳಿಜಾರಿದ್ದರೆ ತಪ್ಪಿದ ಚೆಂಡು ಹೊಡೆದವರ ಬಳಿಗೇ ಉರುಳಿ ಬರುತ್ತದೆ, ಮಕ್ಕಳು ಎರಡನೇ ದಿನಕ್ಕೆ ಆಟ ಬಿಡುತ್ತಾರೆ. ಅಡ್ಡಿಗೆ ಸಿಮೆಂಟಿನ ಡೈನೋಸಾರ್ ಏಕೆ? ಕಿನ್ನಾಳದ ಮರದ ಆನೆಯ ನಾಲ್ಕು ಕಾಲುಗಳ ನಡುವೆ ಚೆಂಡು ದಾಟಿಸಿ. ಕಾಲುಗಳ ನಡುವಿನ ಸಂದು ಚೆಂಡಿನ ಎರಡರಷ್ಟು, ಅಂದರೆ ಮೂರೂವರೆ ಇಂಚು ಇದ್ದರೆ ಆಟ ಹದವಾಗಿರುತ್ತದೆ. ಬಣ್ಣ ಉಳಿಯಬೇಕೆಂದರೆ ಆಟ ಮುಗಿದಮೇಲೆ ಆನೆಯನ್ನು ಒಳಗಿಡಿ.

ಬಳ್ಳಾರಿ ಬೇಸಿಗೆಯ ಮಧ್ಯಾಹ್ನ ಕೃತಕ ಹುಲ್ಲು ಬರಿಗಾಲು ಸುಡುವಷ್ಟು ಕಾಯುತ್ತದೆ, ಸಂಜೆ ಆರರ ಮೇಲೆ ಆಡಿ. ರಬ್ಬರಿನ ಚೆಂಡು ಬಿಸಿಯಾದಷ್ಟೂ ಹೆಚ್ಚು ಪುಟಿಯುತ್ತದೆ. ಯುರೋಪಿನ ಸ್ಪರ್ಧಿಗಳು ಇದನ್ನು ಬಲ್ಲವರಾದ್ದರಿಂದ ಚೆಂಡುಗಳನ್ನು ಹದದ ಶಾಖದಲ್ಲಿಡುವ ಚೀಲವನ್ನೇ ಹೊತ್ತು ತಿರುಗುತ್ತಾರೆ. ಇನ್ನು ಕೆಂಪು ಧೂಳು ಹುಲ್ಲಿನ ಬುಡಕ್ಕೆ ಇಳಿದು ಕೂತರೆ ಓಣಿ ನಿಧಾನವಾಗುತ್ತದೆ. ವಾರಕ್ಕೊಮ್ಮೆ ಗಟ್ಟಿ ಕಸಬರಿಗೆಯಿಂದ ಹುಲ್ಲು ವಾಲಿದ್ದಕ್ಕೆ ಎದುರಾಗಿ ಗುಡಿಸಿ. ನೀರು ಹಾಕಿ ತೊಳೆಯುವುದಾದರೆ ಮೊದಲು ಕುಳಿಯ ತಳದಲ್ಲಿ ನೀರು ಹೋಗಲು ಒಂದು ತೂತು ಕೊರೆದಿಡಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.