ಮ್ಯಾಕುಲಾ ಮೇಲಿನ ಬಿಳಿ ಚುಕ್ಕೆ ಕೊನೆಗೂ ಹೋಯ್ತು

ಫೋನಿನಲ್ಲಿ ತೆಗೆಯುವ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಚಿತ್ರದಲ್ಲಿ, ಅದರ ನಡುಭಾಗವಾದ ಮ್ಯಾಕುಲಾ ಮೇಲೆ ಮೂರು ವಾರದಿಂದ ಕಾಡುತ್ತಿದ್ದ ಬಿಳಿ ಚುಕ್ಕೆ ನಿನ್ನೆ ರಾತ್ರಿ ಮಾಯವಾಯಿತು! ಕೆಲಸ ಶುರುಮಾಡುವಾಗ ಫೋನು, 20 ಡಿ ಲೆನ್ಸು (ಡಾಕ್ಟರು ರೆಟಿನಾ ನೋಡಲು ಹಿಡಿಯುವ 20 ಡಯಾಪ್ಟರ್ ಲೆನ್ಸು), ಪೈಪಿನ ಹೋಲ್ಡರು ಎಲ್ಲ ಹಳೆಯವೇ. ಮಾದರಿ ಕಣ್ಣಿನೊಳಗೆ ಬರೆದ ರೆಟಿನಾ ಮಾತ್ರ ಹೊಸದು.

ಸಾಮಾನ್ಯವಾಗಿ ರೆಟಿನಾದಲ್ಲಿ ಮೇಲಿನ ರಕ್ತನಾಳಗಳು ಮೇಲೆ, ಕೆಳಗಿನವು ಕೆಳಗೆ. ನಡುವಿನ ಅಡ್ಡಗೆರೆ ದಾಟುವುದಿಲ್ಲ. ಜನ್ಮಜಾತ ಮ್ಯಾಕ್ರೋವೆಸಲ್ ಅನ್ನುವ ಹುಟ್ಟುದೋಷದಲ್ಲಿ ಒಂದು ದಪ್ಪ ನಾಳ, ಹೆಚ್ಚಾಗಿ ಅಭಿಧಮನಿ, ಆ ಗೆರೆ ದಾಟಿ ಮ್ಯಾಕುಲಾ ಮೇಲೇ ಹಾಯುತ್ತದೆ. ನಮ್ಮ ಅಣ್ಣನ ಮಗಳ ಎಡಗಣ್ಣಲ್ಲಿರುವುದು ಇದೇ. ದೃಷ್ಟಿ ಚೆನ್ನಾಗಿದೆ. ಮಿದುಳಲ್ಲೂ ಇಂಥ ದೋಷ ಇರಬಹುದೆಂದು ಡಾಕ್ಟರು ಎಂಆರ್‌ಐ ಮಾಡಿಸಿದರು, ಏನೂ ಸಿಗಲಿಲ್ಲ. ಅವಳ ಕಣ್ಣಿಗೆ ನನ್ನ ಫ್ಲ್ಯಾಶ್ ಹಿಡಿಯುವ ಮಾತೇ ಇಲ್ಲ. ಆದರೆ ಅಂಥ ನಾಳ ಚಿತ್ರದಲ್ಲಿ ಹೇಗೆ ಸಿಗುತ್ತದೆ ಅಂತ ನಾನೇ ಮಾಡಿ ನೋಡಬೇಕಿತ್ತು.

ತೊಂದರೆ ಪ್ರತಿಫಲನದ್ದು. 20 ಡಿ ಲೆನ್ಸಿನ ಎರಡು ಮೈಗಳಿಂದ ಬರುವ ಹೊಳಪು ಲೆನ್ಸನ್ನು ತುಸು ವಾಲಿಸಿದರೆ ಪಕ್ಕಕ್ಕೆ ಸರಿಯುತ್ತದೆ. ಮಾದರಿ ಕಣ್ಣಿನ ಮುಂಪೊರೆ ಕಾರ್ನಿಯಾದ್ದು ಸರಿಯುವುದಿಲ್ಲ, ನಟ್ಟನಡುವೆ ಕೂತು ನನಗೆ ಬೇಕಾದ ನಾಳವನ್ನೇ ನುಂಗುತ್ತದೆ. ಆ ಹೊಳಪನ್ನು ತಡೆಯಲು ಫ್ಲ್ಯಾಶ್ ಮೇಲೊಂದು, ಕ್ಯಾಮೆರಾ ಮೇಲೊಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ಒಂದಕ್ಕೊಂದು ಅಡ್ಡವಾಗಿ ಅಂಟಿಸಿದೆ. ಹೊಳಪು ಮಂಕಾಯಿತೇ ಹೊರತು ಹೋಗಲಿಲ್ಲ. ಹಾಳೆಯದೇ ತಪ್ಪೆಂದು ಎರಡು ಸಲ ಬದಲಿಸಿದೆ.

ಕೊನೆಗೆ ಲೆನ್ಸನ್ನೇ ಎರಡು ಹಾಳೆಗಳ ನಡುವೆ ಹಿಡಿದು ಟ್ಯೂಬ್‌ಲೈಟಿಗೆ ನೋಡಿದೆ. ಅಂಚಿನಿಂದ ಒಳಕ್ಕೆ ನೀಲಿ, ಹಳದಿ, ನೇರಳೆ ಪಟ್ಟೆಗಳು, ಪೆಟ್ರೋಲು ಚೆಲ್ಲಿದ ನೀರಿನ ಹಾಗೆ! ಅಚ್ಚಿಗೆ ಒತ್ತಿದ ಪ್ಲಾಸ್ಟಿಕ್ಕು. ಒಳಗುಳಿದ ಒತ್ತಡ ಬೆಳಕಿನ ಧ್ರುವೀಕರಣವನ್ನು (ಕಂಪನದ ದಿಕ್ಕನ್ನು) ತಿರುಚುತ್ತಿತ್ತು. ಗಾಜು ಅಂತ ಹೇಳಿ ಮಾರಿದವನಿಗೆ ಫೋನ್ ಮಾಡಿದರೆ, ‘ಸರ್, ಕ್ಲಿಯರ್ ಇದೆ ಅಲ್ವಾ?’ ಅಂದ. ಹಣ ಹೋಯಿತು, ಮೂರು ವಾರವೂ ಹೋಯಿತು, ಹೊಟ್ಟೆ ಉರಿಯದೆ ಇರುತ್ತದೆಯೇ?

ಗೆಳೆಯನಿಂದ ನಿಜವಾದ ಗಾಜಿನ ಲೆನ್ಸ್ ತಂದು ಇಟ್ಟೆ. ಹಾಳೆಗಳನ್ನು ತಿರುಗಿಸುತ್ತ ಹೋದಂತೆ ಚುಕ್ಕೆ ಕರಗಿ, ಅದರಡಿಯಿಂದ ನಾಳ ಎದ್ದು ಬಂತು, ಮ್ಯಾಕುಲಾ ಮೇಲೆ ಹಾದು ಹೋಗುತ್ತ. ಎರಡು ಹಾಳೆ ದಾಟುವಷ್ಟರಲ್ಲಿ ಬೆಳಕು ಕಾಲು ಭಾಗಕ್ಕೂ ಕಡಿಮೆ ಉಳಿಯುತ್ತದೆ, ಕ್ಯಾಮೆರಾದ ಐಎಸ್‌ಒ (ಬೆಳಕಿನ ಸಂವೇದನೆ) ಏರಿಸಬೇಕು, ಚಿತ್ರ ಮರಳು ಮರಳು. ಹಸಿರು ಚಾನೆಲ್ ಮಾತ್ರ ಇಟ್ಟುಕೊಂಡರೆ ನಾಳ ಕಪ್ಪಗೆ ಬಿಡಿಸಿ ಕಾಣುತ್ತದೆ. ನಿಜವಾದ ರಕ್ತವೂ ಹಸಿರನ್ನು ಹೀರಿಕೊಳ್ಳುವುದರಿಂದಲೇ ರೆಡ್-ಫ್ರೀ (ಕೆಂಪು ಬಿಟ್ಟು ಹಸಿರು ಬೆಳಕಿನ) ಚಿತ್ರ ತೆಗೆಯುವುದು.

ಇನ್ನೊಂದು. ಬೀದರಿನ ಚೌಬಾರಾ ಕಡೆಯ ಬಿದ್ರಿ ಕೆಲಸದ ಚಾಚಾ ಕಪ್ಪು ತುಣುಕಿನಲ್ಲಿ ಬೆಳ್ಳಿ ತಂತಿ ಕೂಡಿಸಿ ನಾಳದ ಮಾದರಿ ಮಾಡಿಕೊಟ್ಟಿದ್ದರು. ಪೋಲರೈಸರ್‌ನಲ್ಲಿ ಬೆಳ್ಳಿಯೂ ಕಪ್ಪು! ‘ಬೆಳ್ಳಿ ಅಂದ್ರ ಹೊಳಿಬೇಕಲ್ಲಪ್ಪ?’ ಅಂದರು. ಲೋಹ ಕನ್ನಡಿಯಂತೆ, ಬಂದ ಬೆಳಕನ್ನು ಧ್ರುವೀಕರಣ ಕೆಡಿಸದೆ ವಾಪಸ್ ಕಳಿಸುತ್ತದೆ, ಕಾಗದವಾದರೆ ಚದುರಿಸಿ ಕೆಡಿಸುತ್ತದೆ. ಆದರೆ ಫ್ಲೂರೆಸೀನ್ ಆಂಜಿಯೋಗ್ರಾಮಿನಲ್ಲಿ (ರಕ್ತಕ್ಕೆ ಹೊಳೆಯುವ ಬಣ್ಣ ಚುಚ್ಚಿ ತೆಗೆಯುವ ಚಿತ್ರ) ನಾಳಗಳು ಕಪ್ಪಿನ ಮೇಲೆ ಬೆಳ್ಳಗೆ ಕಾಣುವುದು ಥೇಟ್ ಬಿದ್ರಿಯೇ. ಮುಂದಿನ ಕೆಲಸ ಅದು: ಅಂಗೈ ಅಗಲದ ತಟ್ಟೆ, ಇಡೀ ರೆಟಿನಾ, ಪೋಲರೈಸರ್ ಇಲ್ಲದೆ. ಮ್ಯಾಕ್ರೋವೆಸಲ್‌ಗೆ ಎಷ್ಟು ದಪ್ಪದ ತಂತಿ ಅಂತ ಚಾಚಾ ಕೇಳುತ್ತಿದ್ದಾರೆ.