ಅಮ್ಮನ ಮಂಡಿ, ಐದು ಸ್ಟಾರ್

ಅಮ್ಮನಿಗೆ ಮಂಡಿನೋವು. ಹತ್ತಿರದಲ್ಲಿ ಒಳ್ಳೆ ಮೂಳೆ ಡಾಕ್ಟರ್ ಯಾರಿದ್ದಾರೆ ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಕೂತೆ. ಮೊದಲಾದರೆ ಮೆಡಿಕಲ್ ಶಾಪಿನವರನ್ನು ಕೇಳುತ್ತಿದ್ದೆವು. ಈಗ ಡಾಕ್ಟರ್ ಹುಡುಕುವ ಆ್ಯಪ್ ಪ್ರಾಕ್ಟೋ, ಗೂಗಲ್ ಮ್ಯಾಪ್ ಎಲ್ಲ ಇವೆ. (ಪ್ರಾಕ್ಟೋ ಶುರುವಾಗಿದ್ದು 2008ರಲ್ಲಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಇಬ್ಬರು ಹುಡುಗರಿಂದ. ನಮ್ಮ ಕಡೆಯದೇ ಅಂತ ಒಂಚೂರು ಹೆಮ್ಮೆ ನನಗೆ.)

4.9 ಸ್ಟಾರ್ ಇದ್ದ ಒಂದು ಕ್ಲಿನಿಕ್‌ಗೆ ಹೋದೆವು. ಹತ್ತೂವರೆಗೆ ಅಪಾಯಿಂಟ್‌ಮೆಂಟ್, ಒಳಗೆ ಕರೆದದ್ದು ಹನ್ನೆರಡು ದಾಟಿದ ಮೇಲೆ. ನಾಲ್ಕು ನಿಮಿಷ ಮಾತು, ಎಕ್ಸ್‌ರೇ ಚೀಟಿ, ಮುಗೀತು. ಕೌಂಟರ್‌ನಲ್ಲಿ ಬಿಲ್‌ಗಿಂತ ಮೊದಲು ಕ್ಯೂಆರ್ ಕೋಡ್ ಕಾರ್ಡ್ ಮುಂದೆ ಬಂತು. "ಐದು ಸ್ಟಾರ್ ಕೊಟ್ಬಿಡಿ ಮೇಡಂ."

"ಮಂಡಿ ಮುಟ್ಟಿ ಸಹ ನೋಡ್ಲಿಲ್ವಲ್ಲೇ," ಅಂದರು ಅಮ್ಮ, ಆಟೋದಲ್ಲಿ.

ಮನೆಗೆ ಬಂದು ರಿವ್ಯೂಗಳನ್ನು ಮತ್ತೆ ಓದಿದೆ. ಪಾರ್ಕಿಂಗ್ ಚೆನ್ನಾಗಿದೆ, ಸ್ಟಾಫ್ ನಗುನಗುತ್ತಾ ಮಾತಾಡ್ತಾರೆ, ಎಸಿ ಇದೆ. ನೋವು ಕಡಿಮೆಯಾಯ್ತಾ ಅಂತ ಒಬ್ಬರಾದರೂ ಬರೆದಿರಬೇಕಲ್ವಾ? ಈಗ ನಾನು ಎರಡು ಮೂರು ಸ್ಟಾರಿನವನ್ನೇ ಮೊದಲು ಓದುತ್ತೇನೆ. ಬೈಯುವವರು ವಿವರ ಜಾಸ್ತಿ ಬರೆಯುತ್ತಾರೆ. ಡಾಕ್ಟರ ರಿಜಿಸ್ಟ್ರೇಷನ್ ನಂಬರನ್ನು ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಕಿ ನೋಡುವುದನ್ನೂ ಕಲಿತೆ. ಸ್ಟಾರ್ ಹೇಳದ ಸಂಗತಿ ಅದು.

ಅಮ್ಮ ಮಾತ್ರ ಕೆಳಗಿನ ಮನೆ ಆಂಟಿ ಹೇಳಿದ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ. ಅವರು ಯಾವ ಆ್ಯಪ್‌ನಲ್ಲೂ ಇಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿ ಹೆಸರು ಬರೆಸಬೇಕು. ಆ ಕೆಲಸ ನನ್ನದು.