ಹೊಗೆ, ಹೂವು, ಗೂಡಿನ ಬಾಯಿ: ಮೈನ್‌ಕ್ರಾಫ್ಟ್‌ನಲ್ಲಿ ಜೇನು ತಂದ ಭಾನುವಾರ

ಮೈನ್‌ಕ್ರಾಫ್ಟ್ ಎಂಬ, ಚೌಕ ಬ್ಲಾಕುಗಳಿಂದ ಲೋಕ ಕಟ್ಟುವ ಕಂಪ್ಯೂಟರ್ ಆಟದಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಅಲ್ಲಿನ ಜೇನುನೊಣದ ಮೈ ಅಗಲ 0.7 ಬ್ಲಾಕ್. ಲೆಕ್ಕ ಹಾಕಿದರೆ 70 ಸೆಂಟಿಮೀಟರ್! ಮೈಸೂರಿನ ನೀರಿನ ಟ್ಯಾಂಕುಗಳ ಅಡಿಯಲ್ಲಿ, ಹಳೇ ಮರಗಳ ಎತ್ತರದ ಕೊಂಬೆಗಳಲ್ಲಿ ಜೋತು ಬೀಳುವ ಹೆಜ್ಜೇನು ಎರಡು ಸೆಂಟಿಮೀಟರಿನ ಆಸುಪಾಸು, ಅದಕ್ಕೇ ಜನ ದಾರಿ ಬದಲಿಸುತ್ತಾರೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲು ಆಗುವುದಿಲ್ಲ. ಬಯಲಲ್ಲಿ ಒಂದೇ ಎರಿ ಕಟ್ಟುತ್ತದೆ, ಹೂವಿನ ಕಾಲ ಮುಗಿದರೆ ಎದ್ದು ಹೋಗುತ್ತದೆ. ಪೆಟ್ಟಿಗೆಗೆ ಒಗ್ಗುವುದು ತುಡುವೆ. ಆಟದ ನೊಣ ಗಾತ್ರದಲ್ಲಿ ಹೆಜ್ಜೇನನ್ನು ಎಲ್ಲೋ ಮೀರಿಸಿದೆ, ಗುಣದಲ್ಲಿ ಮಾತ್ರ ತುಡುವೆಯೇ.

ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ, ಮಂಡ್ಯದಲ್ಲಿ ಇನ್ನೊಂದು, ಎರಡೂ ಕಡೆಯಿಂದ ಒಂದೇ ಸರ್ವೈವಲ್ ಲೋಕದಲ್ಲಿ ಆಡುವ ದಾಯಾದಿಗಳ ಗುಂಪು ನಮ್ಮದು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತ ಕೆಲಸ ಇಷ್ಟೇ: ಬೆಟ್ಟದ ಹುಲ್ಲುಗಾವಲಿನಿಂದ ಒಂದು ಗೂಡು ತಂದು ಹೊಲದ ಪಕ್ಕ ನೆಲೆಗೊಳಿಸುವುದು. ಇಲ್ಲಿ ಹೇಳುತ್ತಿರುವುದೆಲ್ಲ ಜಾವಾ ಆವೃತ್ತಿಯ ಲೆಕ್ಕ. ಜೇನು ಬಂದದ್ದು 2019ರ ಡಿಸೆಂಬರಿನ 1.15ನೇ ಬಿಡುಗಡೆಯಲ್ಲಿ.

ಮೊದಲೇ ಒಂದು ಮಾತು. ತೋಳಕ್ಕೆ ಮೂಳೆ ಹಾಕಿ ಪಳಗಿಸಿದ ಹಾಗೆ ಜೇನನ್ನು ಪಳಗಿಸುವ ಕ್ರಮ ಈ ಆಟದಲ್ಲಿಲ್ಲ. ಕೈಯಲ್ಲಿ ಹೂವು ಹಿಡಿದರೆ ಹಿಂದೆ ಬರುತ್ತದೆ, ಹಗ್ಗ ಕಟ್ಟಿದರೂ ಬರುತ್ತದೆ, ಅಷ್ಟೇ. ಅದು ಯಾರ ಸೊತ್ತೂ ಅಲ್ಲ, ಗೂಡಿನ ಸೊತ್ತು. ಆದ್ದರಿಂದ ನೊಣದ ಹಿಂದೆ ಓಡಬೇಡಿ, ಮನೆಯನ್ನು ಹಿಡಿಯಿರಿ.

ಗೂಡು ಹುಡುಕುವುದು ಸುಲಭ. ಮೆಡೋ ಅನ್ನುವ ಎತ್ತರದ ಹುಲ್ಲುಗಾವಲಿನಲ್ಲಿ ಒಂಟಿ ಮರ ಕಂಡರೆ ಅದರಲ್ಲಿ ಗೂಡು ಇದ್ದೇ ಇರುತ್ತದೆ. ಬಯಲು ಸೀಮೆಯ ಪ್ಲೇನ್ಸ್‌ನಲ್ಲಿ ಮರಕ್ಕೆ ಶೇ. 5ರ ಅವಕಾಶ. ಲೋಕ ಹುಟ್ಟುವಾಗ ಮರದ ಜೊತೆಗೇ ಬಂದ ಗೂಡಿನ ಬಾಯಿ ಯಾವಾಗಲೂ ದಕ್ಷಿಣಕ್ಕಿರುತ್ತದೆ, ಹಾಗಾಗಿ ಮರದ ದಕ್ಷಿಣದ ಕಡೆ ನಿಂತು ನೋಡಿದರೆ ಸಾಕು. ಅಷ್ಟು ದೂರ ಅಲೆಯಲು ಮನಸ್ಸಿಲ್ಲದವರು ಓಕ್ ಅಥವಾ ಬರ್ಚ್ ಸಸಿಯನ್ನು ಹೂವಿನಿಂದ ಎರಡು ಬ್ಲಾಕ್ ಒಳಗೆ ನೆಟ್ಟು ಬೆಳೆಸಬಹುದು, ಅಲ್ಲೂ ಶೇ. 5. ಗಿಡವನ್ನು ಬೇಗ ಬೆಳೆಸುವ ಬೋನ್ ಮೀಲ್ ರಾಶಿ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಗೂಡು ಕೀಳಲು ಸಿಲ್ಕ್ ಟಚ್ (ಬ್ಲಾಕನ್ನು ಇಡಿಯಾಗಿ ಕೈಗೆ ಕೊಡುವ ಮಂತ್ರಶಕ್ತಿ) ಇರುವ ಕೊಡಲಿಯೋ ಬೇರೆ ಹತ್ಯಾರವೋ ಬೇಕು. ಅದಿಲ್ಲದೆ ಒಡೆದರೆ ಗೂಡು ಕೈಗೆ ಬರುವುದೇ ಇಲ್ಲ, ನೊಣಗಳು ಮಾತ್ರ ಕೆರಳಿ ಹೊರಬೀಳುತ್ತವೆ. ಒಂದು ಗೂಡಿಗೆ ಮೂರೇ ನೊಣ ಹಿಡಿಸುವುದು. ಕತ್ತಲಾದ ಮೇಲೆ, ಇಲ್ಲವೇ ಮಳೆಯಲ್ಲಿ, ಮೂರೂ ಒಳಗೆ ಸೇರಿಕೊಳ್ಳುತ್ತವೆ. ಆಗ ಕಿತ್ತರೆ ಮೂರೂ ಗೂಡಿನೊಳಗೇ ಜೋಪಾನವಾಗಿ ನಿಮ್ಮ ಜೇಬಿಗೆ ಬರುತ್ತವೆ. ಹಗಲಲ್ಲಿ ಅವಸರ ಮಾಡಿದರೆ ಹೊರಗಿದ್ದವು ಮನೆ ಕಳೆದುಕೊಂಡು ಅಲ್ಲೇ ಸುತ್ತುತ್ತವೆ.

ಇನ್ನು ಹೊಗೆ. ತೊಂದರೆಯೆಲ್ಲ ಶುರುವಾಗುವುದೇ ಇಲ್ಲಿ. ಮೂರು ಕಡ್ಡಿ, ಒಂದು ಇದ್ದಿಲು, ಮೂರು ದಿಮ್ಮಿ ಸೇರಿದರೆ ಕ್ಯಾಂಪ್‌ಫೈರ್. ಅದು ಗೂಡಿನ ನೇರ ಕೆಳಗೆ, ಐದು ಬ್ಲಾಕ್ ಒಳಗೆ ಉರಿಯುತ್ತಿದ್ದರೆ ಜೇನು ತೆಗೆದರೂ ನೊಣ ಕೆರಳುವುದಿಲ್ಲ. ನಿಜವಾದ ಜೇನು ಸಾಕಣೆಯಲ್ಲೂ ಹೊಗೆ ಹಾಕುತ್ತಾರೆ, ಅಪಾಯ ಬಂತೆಂದು ನೊಣಗಳು ಒಂದಕ್ಕೊಂದು ತಿಳಿಸುವ ವಾಸನೆಯನ್ನು ಅದು ಮುಚ್ಚಿಹಾಕುತ್ತದೆ. ಆಟದಲ್ಲಿ ವಾಸನೆಯ ಮಾತಿಲ್ಲ, ಬರೀ ಅಳತೆಯ ಮಾತು. ಮಂಡ್ಯದ ಹುಡುಗ ಅದೇ ಅಳತೆಯಲ್ಲಿ ಸಿಕ್ಕಿಹಾಕಿಕೊಂಡ.

"ಅಣ್ಣ, ಹೊಗೆ ಬತ್ತಾನೇ ಐತೆ, ಆದ್ರೂ ಅಟ್ಟಿಸ್ಕೊಂಡ್ ಬತ್ತಾವೆ ಕಣಣ್ಣ!"

"ಬೆಂಕಿ ಮೇಲೆ ಏನಿಟ್ಟಿದ್ದೀಯ ನೋಡು."

"ಏನೂ ಇಲ್ಲ. ಗೂಡಿನ್ ಕೆಳೀಕೆ ಒಂದು ಹಲಗೆ ಕೊಟ್ಟಿವ್ನಿ, ಅಷ್ಟೇಯ."

ಆ ಹಲಗೆಯದೇ ಕಿತಾಪತಿ. ಬೆಂಕಿ ನೆಲದಲ್ಲಿತ್ತು, ಗೂಡು ನಾಲ್ಕು ಬ್ಲಾಕ್ ಮೇಲೆ, ನಡುವೆ ಗೂಡಿನ ತಳಕ್ಕೆ ಅಂಟಿಕೊಂಡಂತೆ ಒಂದು ಓಕ್ ಹಲಗೆ. ಬೂದು ಹೊಗೆಯ ಚುಕ್ಕೆಗಳು ಏರುವುದು ಕಣ್ಣಿಗೆ ಕಾಣುತ್ತಿತ್ತು. ಆದರೆ ಆಟ ಹೊಗೆಯನ್ನು ನೋಡುವುದಿಲ್ಲ, ಗೂಡಿನಿಂದ ಕೆಳಕ್ಕೆ ಒಂದೊಂದೇ ಬ್ಲಾಕ್ ಎಣಿಸುತ್ತ ಹೋಗುತ್ತದೆ. ಅಡ್ಡ ಏನಾದರೂ ಸಿಕ್ಕರೆ ಅದರ ಸರೀ ಕೆಳಗೇ ಬೆಂಕಿ ಇದೆಯೇ ಎಂದು ನೋಡುತ್ತದೆ. ಇದ್ದರೆ ಸರಿ, ಇಲ್ಲದಿದ್ದರೆ ಹೊಗೆಯೇ ಇಲ್ಲ ಎಂದು ತೀರ್ಮಾನ. ಹಾಗಾಗಿ ಬೆಂಕಿಯ ತಲೆಯ ಮೇಲೇ ಕೂತ ಕಾರ್ಪೆಟ್ ಅಡ್ಡಿಯಾಗುವುದಿಲ್ಲ, ಒಂದು ಬ್ಲಾಕ್ ಮೇಲಕ್ಕೆ ಸರಿದ ಹಲಗೆ ಅಡ್ಡಿಯಾಗುತ್ತದೆ. ಕಾರ್ಪೆಟ್ ಹಾಸುವುದು ಒಳ್ಳೆಯದು ಕೂಡ. ಬರಿಯ ಬೆಂಕಿಗೆ ತಾಗಿದರೆ ನೊಣ ಸುಟ್ಟುಕೊಳ್ಳುತ್ತದೆ. ಎರಡು ಉಣ್ಣೆಗೆ ಮೂರು ಕಾರ್ಪೆಟ್, ದುಬಾರಿಯೇನಲ್ಲ.

ಕಚ್ಚಿಸಿಕೊಂಡರೆ, ಆಟದ ಕಷ್ಟದ ಮಟ್ಟಕ್ಕೆ ತಕ್ಕಂತೆ, ನಾರ್ಮಲ್‌ನಲ್ಲಿ 10 ಸೆಕೆಂಡ್, ಹಾರ್ಡ್‌ನಲ್ಲಿ 18 ಸೆಕೆಂಡ್ ವಿಷ. ವಿಷವೊಂದರಿಂದಲೇ ಸಾಯುವುದಿಲ್ಲ, ಅರ್ಧ ಹೃದಯ ಉಳಿಯುತ್ತದೆ. ಒಂದರ ಮೇಲೊಂದು ಕುಟುಕಿದರೆ ಮಾತ್ರ ಕಥೆ ಬೇರೆ. ಒಂದು ಬಾಟಲಿ ಜೇನು ಕುಡಿದರೆ ವಿಷ ಅಲ್ಲೇ ಇಳಿಯುತ್ತದೆ. ಕುಟುಕಿದ ನೊಣ ಕೊಂಡಿ ಕಳೆದುಕೊಂಡು ಸುಮಾರು ಒಂದು ನಿಮಿಷದಲ್ಲಿ ಸಾಯುತ್ತದೆ. ನಷ್ಟ ಎರಡೂ ಕಡೆ.

ಗೂಡು ಇಡುವಾಗ ಬಾಯಿಯ ಮುಂದಿನ ಬ್ಲಾಕ್ ಖಾಲಿ ಇರಲೇಬೇಕು. ಅಲ್ಲಿ ಗಟ್ಟಿ ಬ್ಲಾಕ್ ಇದ್ದರೆ ಒಳಗಿನವು ಹೊರಗೇ ಬರುವುದಿಲ್ಲ. ನೊಣ ಓಡಿಹೋಯಿತು ಎಂದು ಗೋಳಾಡುವವರ ಗೂಡನ್ನು ಹೋಗಿ ನೋಡಿದರೆ ಎಷ್ಟೋ ಸಲ ಬಾಯಿಗೆ ಗೋಡೆ ಕಟ್ಟಿರುತ್ತಾರೆ. ಹೂವು ನಾಲ್ಕೈದು ಬ್ಲಾಕ್ ದೂರದಲ್ಲಿದ್ದರೆ ಸಾಕು. ಎಷ್ಟು ಸಲ ಕೂತರೂ ಹೂವು ತೀರುವುದಿಲ್ಲ. ವಿದರ್ ರೋಸ್ ಎಂಬ ಹೂವನ್ನು ಹತ್ತಿರ ನೆಡಬೇಡಿ, ನೊಣ ಸಾಯುತ್ತದೆ.

ನಮ್ಮ ಲೆಕ್ಕದಲ್ಲಿ ಜೇನಿಗಿಂತ ದೊಡ್ಡ ಲಾಭ ಬೆಳೆಯದು. ಪರಾಗ ಹೊತ್ತ ನೊಣ ಮನೆಗೆ ಮರಳುವಾಗ ಗೋಧಿ, ಕ್ಯಾರೆಟ್, ಆಲೂಗಡ್ಡೆ, ಬೀಟ್‌ರೂಟ್, ಕಲ್ಲಂಗಡಿ ಬಳ್ಳಿಯ ಮೇಲೆ ಹಾರಿದರೆ ಬೆಳೆ ಒಂದು ಹಂತ ಮೇಲೇರುತ್ತದೆ, ಒಂದು ಸುತ್ತಿಗೆ ಹತ್ತು ಸಲದವರೆಗೆ. ಹಾಗಾಗಿ ಒಂದು ತುದಿಯಲ್ಲಿ ಹೂವು, ಇನ್ನೊಂದು ತುದಿಯಲ್ಲಿ ಗೂಡು, ನಡುವೆ ಹೊಲ. ಹೂವನ್ನು ಗೂಡಿನ ಬುಡಕ್ಕೇ ನೆಟ್ಟರೆ ಜೇನು ಬೇಗ ತುಂಬುತ್ತದೆ, ಹೊಲಕ್ಕೆ ಮಾತ್ರ ದಕ್ಕುವುದಿಲ್ಲ. ಮಂಡ್ಯದವರಿಗೊಂದು ಬೇಸರ: ಕಬ್ಬಿಗೆ ಈ ಭಾಗ್ಯವಿಲ್ಲ.

ಪರಾಗ ತಂದ ನೊಣ ಒಳಗೆ ಎರಡು ನಿಮಿಷ ಕೆಲಸ ಮಾಡಿದರೆ ಜೇನಿನ ಮಟ್ಟ ಒಂದು ಏರುತ್ತದೆ. ಐದಕ್ಕೆ ಮುಟ್ಟಿದರೆ ಭರ್ತಿ, ತಳದಿಂದ ಹಳದಿ ಹನಿ ತೊಟ್ಟಿಕ್ಕುತ್ತದೆ. ಕತ್ತರಿ ಹಾಕಿದರೆ ಮೂರು ಎರಿ, ಗಾಜಿನ ಬಾಟಲಿ ಹಿಡಿದರೆ ಒಂದು ಬಾಟಲಿ ಜೇನು. ಯಾವುದು ತೆಗೆದರೂ ಮಟ್ಟ ಸೊನ್ನೆಗೆ. ಮೊದಲ ಕೊಯ್ಲು ಕತ್ತರಿಯದೇ ಆಗಲಿ. ಮೂರು ಎರಿಗೆ ಆರು ಹಲಗೆ ಸೇರಿಸಿದರೆ ಹೊಸ ಜೇನುಪೆಟ್ಟಿಗೆ ತಯಾರು. ಅದಕ್ಕೆ ಒಕ್ಕಲು ಬೇಕಲ್ಲ, ಎರಡು ದೊಡ್ಡ ನೊಣಕ್ಕೆ ಒಂದೊಂದು ಹೂವು ತಿನ್ನಿಸಿದರೆ ಮರಿ. ರಾಣಿ, ಗಂಡು ಎಂಬ ಭೇದ ಇಲ್ಲಿಲ್ಲ. ಮರಿ 20 ನಿಮಿಷದಲ್ಲಿ ದೊಡ್ಡದಾಗುತ್ತದೆ, ಅದೇ ಜೋಡಿಗೆ ಮತ್ತೆ ಹೂವು ಕೊಡಲು ಐದು ನಿಮಿಷ ಕಾಯಬೇಕು.

ಸಂಜೆ ಪೂರ್ತಿ ತಿಂದದ್ದು ಸ್ವಯಂಚಾಲಿತ ಕೊಯ್ಲು. ಪೆಟ್ಟಿಗೆಗೆ ಮುಖ ಮಾಡಿ ಡಿಸ್ಪೆನ್ಸರ್ (ಸಿಗ್ನಲ್ ಬಂದಾಗ ಒಳಗಿನ ವಸ್ತುವನ್ನು ಬಳಸುವ ಯಂತ್ರ) ಇಟ್ಟು ಒಳಗೆ ಕತ್ತರಿ ಹಾಕಿದರೆ ಅದೇ ಎರಿ ಕತ್ತರಿಸುತ್ತದೆ, ಹೊಗೆ ಇಲ್ಲದೆಯೂ ನೊಣ ಕೆರಳುವುದಿಲ್ಲ. ಪೆಟ್ಟಿಗೆಯ ಬೆನ್ನಿಗೆ ಕಂಪ್ಯಾರೇಟರ್ (ಒಳಗಿನ ಮಟ್ಟ ಅಳೆಯುವ ಸಾಧನ) ಇಟ್ಟರೆ ಜೇನಿನ ಮಟ್ಟ ಎಷ್ಟೋ ಅಷ್ಟೇ ಬಲದ ಸಿಗ್ನಲ್. ಎರಡನ್ನೂ ನೇರ ಜೋಡಿಸಿದವರು ಕಾಯುತ್ತಲೇ ಇರುತ್ತಾರೆ. ಕಾರಣ ಇದು: ಮಟ್ಟ ಒಂದಾದ ಕೂಡಲೇ ಸಿಗ್ನಲ್ ಹೋಗಿ ಡಿಸ್ಪೆನ್ಸರ್ ಸುಮ್ಮನೆ ಒಂದು ಸಲ ಟಕ್ ಎನ್ನುತ್ತದೆ. ಆಮೇಲೆ ಸಿಗ್ನಲ್ ಆರುವುದೇ ಇಲ್ಲ. ಆರಿ ಹತ್ತಿದರೆ ತಾನೇ ಮತ್ತೆ ಕೆಲಸ ಮಾಡುವುದು? ಮಟ್ಟ ಐದಾದಾಗ ಅದು ಮಿಸುಕುವುದಿಲ್ಲ. ಪರಿಹಾರ ಎಂದರೆ ಕಂಪ್ಯಾರೇಟರಿನಿಂದ ಐದು ರೆಡ್‌ಸ್ಟೋನ್ ಪುಡಿಯ (ಸಿಗ್ನಲ್ ಸಾಗಿಸುವ ತಂತಿಯಂಥದ್ದು) ಗೆರೆ ಎಳೆದು ಐದನೆಯ ಚುಕ್ಕೆಗೆ ಡಿಸ್ಪೆನ್ಸರ್ ತಾಗಿಸುವುದು. ಒಂದೊಂದು ಚುಕ್ಕೆಗೂ ಬಲ ಒಂದೊಂದು ಇಳಿಯುವುದರಿಂದ, ಮಟ್ಟ ಐದಾದಾಗ ಮಾತ್ರ ಕೊನೆಯ ಚುಕ್ಕೆ ಹತ್ತುತ್ತದೆ. ಕೊಯ್ದ ಮೇಲೆ ಮಟ್ಟ ಸೊನ್ನೆಯಾಗಿ ತಾನೇ ಆರುತ್ತದೆ. ಉದುರಿದ ಎರಿ ಹಿಡಿಯಲು ಕೆಳಗೆ ಹಾಪರ್ ಇಡಿ. ಕತ್ತರಿಯ ಆಯಸ್ಸು 238 ಸಲ, ಆಗಾಗ ಡಿಸ್ಪೆನ್ಸರ್ ತೆರೆದು ನೋಡುತ್ತಿರಿ.

ಬಾಟಲಿಗಳನ್ನು ಪೇರಿಸುವ ಮುನ್ನ ಪೆಟಾರಿಯ ಜಾಗ ನೋಡಿಕೊಳ್ಳಿ: ಖಾಲಿ ಬಾಟಲಿ ಒಂದು ಖಾನೆಗೆ 64 ಹಿಡಿದರೆ ಜೇನು ತುಂಬಿದ್ದು 16 ಮಾತ್ರ. ನಾಲ್ಕು ಬಾಟಲಿಗೆ ಒಂದು ಜೇನಿನ ಬ್ಲಾಕ್, ಅದರ ಮೇಲೆ ಬಿದ್ದರೆ ಪೆಟ್ಟು ಐದರಲ್ಲೊಂದು ಭಾಗ. ಒಂದು ಬಾಟಲಿ ಮೂರು ಸಕ್ಕರೆಯೂ ಆಗುತ್ತದೆ. ಒಂದು ಕಬ್ಬಿಗೆ ಒಂದೇ ಸಕ್ಕರೆ. ಆ ಲೆಕ್ಕ ಕೇಳಿದ ಮಂಡ್ಯದ ಹುಡುಗ ಕಬ್ಬಿನ ಸಾಲನ್ನೇ ಕೀಳಲು ಹೊರಟಿದ್ದ. ಕಾಗದಕ್ಕೆ ಕಬ್ಬೇ ಬೇಕು ಎಂದು ಹೇಳಿ ನಿಲ್ಲಿಸಬೇಕಾಯಿತು.